ತಲೆ ಕೆಡಲಿ, ಆದರೆ ಎಷ್ಟು? ಕಡಿಮೆ ದುಡ್ಡಿನ ಟೈಮ್ ಟ್ರಾವೆಲ್ ಸಿನಿಮಾಗಳಲ್ಲಿ ಯಾವುದು ಯಾರಿಗೆ

ಪ್ರೈಮರ್ ಮುಗಿದಾಗ ನಮ್ಮ ಮನೆಯ ಹಾಲ್‌ನಲ್ಲಿ ನಾಲ್ಕು ಜನ ಇದ್ದೆವು. ಭಾವ ಸೋಫಾ ಮೇಲೆ ಗೊರಕೆ ಹೊಡೆಯುತ್ತಿದ್ದರು. ತಮ್ಮ ಕರೆಂಟ್ ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದ. ಅಕ್ಕ "ಇದಕ್ಕೆ ಒಂದೂಕಾಲು ಗಂಟೆ ಕೂರಿಸಿದ್ಯಲ್ಲೋ" ಎಂದು ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಳು. ಮತ್ತೆ ಮೊದಲಿಂದ ಹಾಕೋಣವಾ ಎಂದು ಕೇಳಬೇಕು ಅನ್ನಿಸಿತ್ತು ನನಗೆ. ಧೈರ್ಯ ಬರಲಿಲ್ಲ.

ಈ ಸಿನಿಮಾ ನೋಡಿದವರು ಹೆಚ್ಚುಕಡಿಮೆ ಈ ನಾಲ್ಕು ಜನರಲ್ಲಿ ಒಬ್ಬರಾಗುತ್ತಾರೆ. ನಿದ್ದೆ ಮಾಡುವವರು, ಚಿತ್ರ ಬಿಡಿಸುವವರು, ಬೈಯುವವರು, ಮತ್ತೆ ನೋಡುವವರು. ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ. ಗೊರಕೆ ಹೊಡೆದ ಭಾವ ಲೆಕ್ಕಪತ್ರದ ಕೆಲಸದಲ್ಲಿ ಹುಲಿ. ಅರ್ಧ ಸಿನಿಮಾ ನೋಡಿಯೂ ಮರುದಿನ ಅವರು ಕೇಳಿದ ಪ್ರಶ್ನೆ ನಮ್ಮ ಮೂವರಿಗೂ ಹೊಳೆದಿರಲಿಲ್ಲ. "ಹಿಂದಕ್ಕೆ ಹೋಗಿ ಷೇರು ತಗೊಂಡ್ರಲ್ಲ, ಆ ದುಡ್ಡು ಯಾವ ಅವನ ಅಕೌಂಟ್‌ಗೆ ಬೀಳುತ್ತೆ?"

"ತಲೆ ಕೆಡಿಸೋ ಸಿನಿಮಾ ಯಾವುದಾದ್ರೂ ಹೇಳು" ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ ಹಿಂದೆಮುಂದೆ ನೋಡದೆ ಪ್ರೈಮರ್ ಎನ್ನುತ್ತಿದ್ದೆ. ಈಗ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಗೊಂದಲ ಯಾವಾಗ ತಿಳಿಯಾಗಬೇಕು? ನೋಡ್ತಾ ನೋಡ್ತಾನೇನಾ, ಕೊನೆಯಲ್ಲಾ, ಮಾರನೇ ದಿನ ಸ್ನಾನ ಮಾಡುವಾಗಲಾ, ಇಲ್ಲಾ ಯಾವತ್ತೂ ಆಗದಿದ್ದರೂ ನಡೆಯುತ್ತಾ? ಎಷ್ಟು ಕಷ್ಟದ ಸಿನಿಮಾ ಅನ್ನೋದಕ್ಕಿಂತ ಇದೇ ಮುಖ್ಯ. ಕೆಳಗಿರುವುದೆಲ್ಲ ಈ ಪ್ರಶ್ನೆ ಹಿಡಿದು ಮಾಡಿದ ಹೋಲಿಕೆ. ಯಾವುದರ ಕೊನೆಯನ್ನೂ ಬಿಟ್ಟುಕೊಟ್ಟಿಲ್ಲ. ಪ್ರೈಮರ್‌ನ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಮಾತ್ರ ವಿವರವಾಗಿ ಬರೆದಿದ್ದೇನೆ. ಅದನ್ನು ಮೊದಲೇ ತಿಳಿದುಕೊಂಡರೆ ನಷ್ಟ ಏನಿಲ್ಲ, ಲಾಭವೇ.

ಮೊದಲು ಪ್ರೈಮರ್, ಜಗಳ ಶುರುವಾಗೋದೇ ಅಲ್ಲಿಂದ

2004ರ ಸಂಡಾನ್ಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ದೊಡ್ಡ ಬಹುಮಾನ ಗೆದ್ದ ಅಮೆರಿಕದ ಸಿನಿಮಾ ಇದು. ಮಾಡಿದವರು ಶೇನ್ ಕ್ಯಾರುತ್. ಗಣಿತ ಓದಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿದ್ದವರು. ಬರೆದದ್ದು, ನಿರ್ದೇಶಿಸಿದ್ದು, ಸಂಕಲನ, ಸಂಗೀತ, ಇಬ್ಬರು ನಾಯಕರಲ್ಲಿ ಒಬ್ಬನ ಪಾತ್ರ, ಎಲ್ಲವೂ ಅವರದೇ. ಖರ್ಚಾಗಿದ್ದು 7,000 ಡಾಲರ್. ಆಗಿನ ಲೆಕ್ಕದಲ್ಲಿ ಮೂರು ಲಕ್ಷ ಚಿಲ್ಲರೆ ರೂಪಾಯಿ. ನಮ್ಮ ಕಡೆ ಮದುವೆ ಫೋಟೋ, ವಿಡಿಯೋಗೆ ಅಷ್ಟು ಸುರಿಯುವವರಿದ್ದಾರೆ. ಟೆಕ್ಸಾಸ್‌ನ ಡಲ್ಲಾಸ್ ಸುತ್ತಮುತ್ತ ಸೂಪರ್ 16 ಫಿಲ್ಮ್‌ನಲ್ಲಿ ಚಿತ್ರೀಕರಿಸಿದರು. ಫಿಲ್ಮ್ ದುಬಾರಿ, ಹಾಗಾಗಿ ಪ್ರತಿ ಶಾಟ್‌ ಅನ್ನೂ ಮೊದಲೇ ಲೆಕ್ಕ ಹಾಕಿಕೊಂಡೇ ಇಳಿದರು.

ಬಡತನ ಪರದೆ ಮೇಲೆ ಕಾಣುತ್ತದೆ, ಆದರೆ ಒಳ್ಳೆಯ ರೀತಿಯಲ್ಲಿ. ಏಬ್, ಆರನ್ ಎಂಬ ಇಬ್ಬರು ಎಂಜಿನಿಯರ್‌ಗಳು. ಹಗಲು ಕಂಪನಿ ಕೆಲಸ, ರಾತ್ರಿ ಗ್ಯಾರೇಜಿನಲ್ಲಿ ಸ್ವಂತ ಪ್ರಯೋಗ. ಬಿಳಿ ಶರ್ಟು, ಟೈ, ಟ್ಯೂಬ್‌ಲೈಟು. ಬೇಕಾದ ಲೋಹಕ್ಕಾಗಿ ಕಾರಿನ ಹೊಗೆ ಕೊಳವೆಯಲ್ಲಿರುವ ಕನ್ವರ್ಟರ್ ಬಿಚ್ಚುತ್ತಾರೆ. ತಾಮ್ರದ ಪೈಪಿಗಾಗಿ ಫ್ರಿಜ್ಜಿಗೆ ಕೈ ಹಾಕುತ್ತಾರೆ. ಮಿಂಚು, ಹೊಗೆ, ನೀಲಿ ಬೆಳಕು ಯಾವುದೂ ಇಲ್ಲ. ಬೆಂಗಳೂರಿನಲ್ಲಿ ಎಂಟು ಗಂಟೆ ಆಫೀಸು ಮುಗಿಸಿ ರಾತ್ರಿ ಸ್ಟಾರ್ಟಪ್ ಕನಸು ಕಾಣುವವರಿಗೆ ಆ ಗ್ಯಾರೇಜು ಗುರುತು ಸಿಗುತ್ತದೆ. ಪೇಟೆಂಟ್ ಯಾರ ಹೆಸರಲ್ಲಿ, ಯಾರಿಗೆ ಹೇಳಬಾರದು, ಯಾರನ್ನು ಬಿಟ್ಟು ಬಿಡಬೇಕು ಅನ್ನುವ ಮಾತು ಕೂಡ.

ಈಗ ಯಂತ್ರ. ಮನುಷ್ಯ ಮುದುರಿಕೊಂಡು ಮಲಗುವಷ್ಟು ದೊಡ್ಡ ಪೆಟ್ಟಿಗೆ, ಒಂದು ಬಾಡಿಗೆ ಗೋದಾಮಿನಲ್ಲಿದೆ. ಬೆಳಗ್ಗೆ ಒಂಬತ್ತಕ್ಕೆ ಅದನ್ನು ಆನ್ ಮಾಡಿ ಹೊರಟು ಹೋಗಿ ಅಂದುಕೊಳ್ಳಿ. ಮಧ್ಯಾಹ್ನ ಮೂರರವರೆಗೆ ಹೋಟೆಲ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂರಿ. ಯಾವ ಷೇರು ಏರಿತು ಅಂತ ಬರೆದಿಟ್ಟುಕೊಳ್ಳಿ. ಮೂರಕ್ಕೆ ವಾಪಸ್ ಬಂದು ಪೆಟ್ಟಿಗೆಯೊಳಗೆ ಮಲಗಿ. ಒಳಗೆ ಆರು ಗಂಟೆ ಕಾಲ ಆಮ್ಲಜನಕದ ಸಿಲಿಂಡರ್ ಇಟ್ಟುಕೊಂಡು ಸುಮ್ನೆ ಬಿದ್ದಿರಬೇಕು. ಹೊರಗೆ ಬಂದಾಗ ಬೆಳಗಿನ ಒಂಬತ್ತು. ಈಗ ಊರಲ್ಲಿ ನೀವು ಇಬ್ಬರು. ಒಬ್ಬರು ಹೋಟೆಲಿನಲ್ಲಿ ಅಡಗಿ ಕೂತಿದ್ದಾರೆ, ಇನ್ನೊಬ್ಬರು ಷೇರು ಕೊಳ್ಳಲು ಹೊರಟಿದ್ದಾರೆ. ಮೂರು ಗಂಟೆಗೆ ಹೋಟೆಲಿನವರು ಪೆಟ್ಟಿಗೆಯೊಳಗೆ ಹೋದ ಮೇಲೆ ಮತ್ತೆ ಒಬ್ಬರೇ.

ಎರಡು ಮಾತು ಇಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಎಷ್ಟು ಹಿಂದೆ ಹೋಗಬೇಕೋ ಅಷ್ಟು ಹೊತ್ತು ಒಳಗಿರಬೇಕು. ಆನ್ ಮಾಡಿದ ಗಳಿಗೆಗಿಂತ ಹಿಂದಕ್ಕೆ ಹೋಗಲು ಆಗುವುದಿಲ್ಲ. ಬಸ್ ಸ್ಟಾಪ್ ಕಟ್ಟುವ ಮೊದಲು ಅಲ್ಲಿ ಇಳಿಯಲಾಗದು ಅನ್ನೋ ಹಾಗೆ. ಇಷ್ಟು ಗೊತ್ತಿದ್ದರೆ ಮೊದಲ ಐವತ್ತು ನಿಮಿಷ ಸಲೀಸು.

ನನಗೆ ತುಂಬ ಇಷ್ಟವಾದ ಜಾಗ ಒಂದು ಫೋನ್ ಕರೆ. ಆರನ್ ಮರೆತು ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡೇ ಹಿಂದಕ್ಕೆ ಬಂದಿದ್ದಾನೆ. ಅದು ರಿಂಗಾಗುತ್ತದೆ. ಅದೇ ಹೊತ್ತಿಗೆ ಹೋಟೆಲ್ ರೂಮಿನಲ್ಲಿ ಅಡಗಿ ಕೂತ ಇನ್ನೊಬ್ಬ ಆರನ್‌ ಹತ್ತಿರವೂ ಅದೇ ಫೋನ್ ಇದೆ. ಹಾಗಾದರೆ ರಿಂಗ್ ಆಗಿದ್ದು ಯಾವುದು? ಎರಡೂನಾ? ಮೊದಲ ಸಲ ಹೋಟೆಲಿನಲ್ಲಿ ಫೋನ್ ಬಂದಿತ್ತಲ್ಲ, ಈಗ ಅಲ್ಲಿ ಬರದಿದ್ದರೆ? ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಇಡೀ ಸಿನಿಮಾದ ಭಯ ಆ ಎರಡು ನಿಮಿಷದಲ್ಲಿದೆ. ಇನ್ನೊಂದು ಕಡೆ ಒಬ್ಬ ಹಸಿವಾಗಿದೆ ಅನ್ನುತ್ತಾ, ಇವತ್ತು ಸಂಜೆ ಹತ್ತಿರ ತಿಂದಿದ್ದೇ ಕೊನೆ ಎನ್ನುವ ಅರ್ಥದ ಮಾತಾಡುತ್ತಾನೆ. ಆಗಿನ್ನೂ ಸಂಜೆಯೇ ಆಗಿರುವುದಿಲ್ಲ. ತಮ್ಮ ಆ ಮಾತಿಗೆ ನಕ್ಕ. ಅಕ್ಕ ತಮ್ಮನನ್ನು ನೋಡಿದಳು.

ಆಮೇಲೆ ಏನಾಗುತ್ತದೆ? ಸಿನಿಮಾ ನಮ್ಮ ಕೈ ಬಿಡುತ್ತದೆ. ಎದುರಿಗೆ ಮಾತಾಡುತ್ತಿರುವ ಆರನ್ ಎಷ್ಟನೇ ಸಲ ಬಂದ ಆರನ್ ಎಂದು ಯಾರೂ ಹೇಳುವುದಿಲ್ಲ. ಗ್ರೇಂಜರ್ ಎಂಬ ವ್ಯಕ್ತಿ ಇದ್ದಕ್ಕಿದ್ದಂತೆ ಬರುತ್ತಾನೆ, ಯಾಕೆ ಬಂದ ಅನ್ನೋದಕ್ಕೆ ಉತ್ತರವೇ ಇಲ್ಲ. ಪಾತ್ರಗಳಿಗೂ ಗೊತ್ತಾಗುವುದಿಲ್ಲ. ಈ ಕೊನೆಯ ಭಾಗದಲ್ಲೇ ನೋಡುಗರು ಎರಡು ಹೋಳಾಗುವುದು. "ಬುದ್ಧಿವಂತಿಕೆ ತೋರಿಸೋಕೆ ಮಾಡಿದ್ದು" ಎನ್ನುವವರು ಒಂದು ಕಡೆ. "ನಮ್ಮನ್ನು ದಡ್ಡರು ಅಂದುಕೊಳ್ಳದ ಒಂದೇ ಸಿನಿಮಾ" ಎನ್ನುವವರು ಇನ್ನೊಂದು ಕಡೆ. ನನ್ನ ಪ್ರಕಾರ ಮೊದಲ ಐವತ್ತು ನಿಮಿಷಕ್ಕೆ ಎರಡನೆಯವರು ಸರಿ, ಉಳಿದದ್ದಕ್ಕೆ ಮೊದಲನೆಯವರದ್ದೂ ಪೂರ್ತಿ ತಪ್ಪಲ್ಲ. ಬೇಕಂತಲೇ ಮುಚ್ಚಿಟ್ಟದ್ದು ಯಾವುದು, ಸರಿಯಾಗಿ ಹೇಳಲು ಬಾರದೆ ಉಳಿದದ್ದು ಯಾವುದು ಎಂದು ಮೂರು ಸಲ ನೋಡಿಯೂ ನನಗೆ ಬೇರ್ಪಡಿಸಲು ಆಗಿಲ್ಲ.

ಎಕ್ಸ್‌ಕೆಸಿಡಿ ಎಂಬ ಕಾಮಿಕ್ 2009ರಲ್ಲಿ ಒಂದಷ್ಟು ಸಿನಿಮಾಗಳ ಪಾತ್ರಗಳು ಯಾವಾಗ ಯಾರ ಜೊತೆ ಇದ್ದವು ಎಂದು ಗೆರೆ ಎಳೆದು ತೋರಿಸಿತ್ತು. ಒಂದೇ ಕೋಣೆಯಲ್ಲಿ ಹನ್ನೆರಡು ಜನ ಕೂತು ವಾದ ಮಾಡುವ ಸಿನಿಮಾಗೆ ಹನ್ನೆರಡು ನೇರ ಗೆರೆ. ಪ್ರೈಮರ್‌ಗೆ ಸಿಕ್ಕು ಸಿಕ್ಕಾದ ದಾರದುಂಡೆ. ನಮ್ಮ ಕರೆಂಟ್ ಬಿಲ್ಲಿನ ಹಿಂಬದಿಯೂ ಹೆಚ್ಚುಕಡಿಮೆ ಹಾಗೇ ಕಾಣುತ್ತಿತ್ತು.

ಕೊನೆಗೆ ಎಲ್ಲಾ ಕೂಡಿಬರಬೇಕು ಅನ್ನುವವರಿಗೆ ಟೈಮ್‌ಕ್ರೈಮ್ಸ್

ಸ್ಪೇನ್‌ನ ಸಿನಿಮಾ, 2007ರದ್ದು. ನಾಚೋ ವಿಗಲೊಂಡೋ ನಿರ್ದೇಶನ. ಏಳು ಸಾವಿರ ಡಾಲರ್ ಮುಂದೆ ಇದರ ಖರ್ಚು ದೊಡ್ಡದೇ, ಆದರೆ ಪರದೆ ಮೇಲಿರುವುದು ಒಂದು ಮನೆ, ಒಂದು ಕಾಡು, ಒಂದು ಪ್ರಯೋಗಾಲಯ, ನಾಲ್ಕೈದು ಜನ. ಪ್ರಯೋಗಾಲಯದ ಹುಡುಗನಾಗಿ ನಿರ್ದೇಶಕರೇ ನಟಿಸಿದ್ದಾರೆ.

ಹೆಕ್ಟರ್ ಎಂಬ ನಡುವಯಸ್ಸಿನ ಮನುಷ್ಯ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ದುರ್ಬೀನಿನಲ್ಲಿ ಕಾಡು ನೋಡುತ್ತಿರುತ್ತಾನೆ. ಅಲ್ಲೊಬ್ಬಳು ಹುಡುಗಿ ಕಾಣುತ್ತಾಳೆ. ಏನೆಂದು ನೋಡಲು ಹೋಗುತ್ತಾನೆ. ಮುಖಕ್ಕೆಲ್ಲ ಬ್ಯಾಂಡೇಜ್ ಸುತ್ತಿಕೊಂಡ ಒಬ್ಬ ಹಿಂದಿನಿಂದ ಬಂದು ಅವನ ತೋಳಿಗೆ ಕತ್ತರಿ ಚುಚ್ಚುತ್ತಾನೆ. ಓಡಿ ಓಡಿ ಒಂದು ಕಟ್ಟಡ ಸೇರಿ, ಅಡಗಲು ಒಂದು ತೊಟ್ಟಿಯೊಳಗೆ ಇಳಿಯುತ್ತಾನೆ. ಹೊರಗೆ ಬಂದಾಗ ಒಂದೆರಡು ಗಂಟೆ ಹಿಂದಿನ ಹೊತ್ತು. ದೂರದಲ್ಲಿ ಹಿತ್ತಲಿನ ಕುರ್ಚಿ, ಅದರಲ್ಲಿ ತಾನೇ.

ಪ್ರೈಮರ್‌ನಲ್ಲಿ ಹಿಂದೆ ಹೋದವರು ನಡೆದದ್ದನ್ನು ಬದಲಿಸುತ್ತಾರೆ, ಹಾಗಾಗಿ ಎಳೆಗಳು ಕವಲೊಡೆಯುತ್ತವೆ. ಇಲ್ಲಿ ಹಾಗಿಲ್ಲ. ತಪ್ಪಿಸಲು ಏನು ಮಾಡುತ್ತಾನೋ ಅದೇ ಆಗುತ್ತದೆ. ನಮಗೆ ಹೊಸದಲ್ಲ ಬಿಡಿ. ಎಂಟನೇ ಮಗು ಕೊಲ್ಲುತ್ತದೆ ಎಂದು ಕಂಸ ತಂಗಿಯನ್ನು ಸೆರೆಗೆ ಹಾಕಿದ ಕತೆ ಕೇಳಿಕೊಂಡೇ ಬೆಳೆದವರು ನಾವು. ಆ ಕುಣಿಕೆ ಗೊತ್ತಿರುವುದರಿಂದಲೇ ಇರಬೇಕು, ಇಂಗ್ಲಿಷಿನ ಪ್ರೈಮರ್‌ಗಿಂತ ಸ್ಪ್ಯಾನಿಷಿನ ಈ ಸಿನಿಮಾ ನಮ್ಮ ಮನೆಯಲ್ಲಿ ಬೇಗ ಅರ್ಥವಾಯಿತು. ಕಾಣುವುದೇ ಜಾಸ್ತಿ, ಮಾತು ಕಡಿಮೆ. ಕತ್ತರಿ, ಬ್ಯಾಂಡೇಜು, ದುರ್ಬೀನು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ಕೂರುವಾಗ ಸಿಗುವ ಖುಷಿಯೇ ಬೇರೆ. ಇಲ್ಲಿಯೂ ಒಂದು ಆಕ್ಷೇಪ ಕೇಳಿಬರುತ್ತದೆ. "ಮೂರನೇ ಒಂದು ಭಾಗ ಆದಮೇಲೆ ಮುಂದೇನು ಅಂತ ಊಹಿಸಬಹುದು" ಎಂದು. ಹೌದು, ಊಹಿಸಬಹುದು. ಆದರೆ ಅವನು ಯಾಕೆ ಹಾಗೆ ಮಾಡಲೇಬೇಕಾಗುತ್ತದೆ ಅನ್ನೋದು ಊಹೆಗೆ ಸಿಗಲ್ಲ.

ಒಂದು ಎಚ್ಚರಿಕೆ: ಆ ಹುಡುಗಿಯ ದೃಶ್ಯ ಇರುವುದರಿಂದ ಅಪ್ಪ ಅಮ್ಮನ ಜೊತೆ ಕೂತು ನೋಡುವಂಥದ್ದಲ್ಲ.

ಮನೆಮಂದಿಯೆಲ್ಲ ಕೂತು ನೋಡೋದಾದರೆ ಎರಡು ನಿಮಿಷದ ಟೀವಿ

ಬಿಯಾಂಡ್ ದಿ ಇನ್ಫಿನಿಟ್ ಟೂ ಮಿನಿಟ್ಸ್. ಜಪಾನಿನದು, 2020. ಕ್ಯೋಟೋದ ಯೂರೋಪ್ ಕಿಕಾಕು ಎಂಬ ನಾಟಕ ತಂಡ ಮಾಡಿದ್ದು, ಜುಂಟಾ ಯಮಾಗುಚಿ ನಿರ್ದೇಶನ. ಸುಮಾರು 70 ನಿಮಿಷ. ಮೊಬೈಲಿನಲ್ಲಿ ಚಿತ್ರೀಕರಿಸಿದ್ದು, ಇಡೀ ಸಿನಿಮಾ ಒಂದೇ ಶಾಟ್ ಅನ್ನೋ ಹಾಗೆ ಕಾಣುತ್ತದೆ.

ಕಾಟೋ ಎಂಬವನದ್ದೊಂದು ಸಣ್ಣ ಕೆಫೆ, ಮೇಲಿನ ಮಹಡಿಯಲ್ಲಿ ಅವನ ರೂಮು. ರೂಮಿನ ಕಂಪ್ಯೂಟರಿನಲ್ಲಿ ಕೆಳಗಿನ ಕೆಫೆಯ ಅವನೇ ಕಾಣಿಸಿಕೊಂಡು, ನಾನು ಎರಡು ನಿಮಿಷ ಮುಂದಿನ ನೀನು ಅನ್ನುತ್ತಾನೆ. ಇವನು ಕೆಳಗೆ ಓಡಿ ಹೋಗಿ ಕೆಫೆಯ ಟೀವಿ ಮುಂದೆ ನಿಂತು, ತಾನು ಈಗ ತಾನೇ ಕೇಳಿದ ಮಾತನ್ನೇ ಹಿಂದಿನ ತನಗೆ ಹೇಳಬೇಕು. ಗೆಳೆಯರು ಬರುತ್ತಾರೆ, ಎರಡು ಪರದೆಗಳನ್ನು ಎದುರುಬದುರು ಇಡುತ್ತಾರೆ, ಕನ್ನಡಿಯೊಳಗೆ ಕನ್ನಡಿ ಕಂಡ ಹಾಗೆ ಎರಡು ನಿಮಿಷ ನಾಲ್ಕಾಗುತ್ತದೆ, ಆರಾಗುತ್ತದೆ. ಗೊಂದಲ ಅಲ್ಲಲ್ಲೇ ತಿಳಿಯಾಗುತ್ತಾ ಹೋಗುತ್ತದೆ. ನಗುವೂ ಬರುತ್ತದೆ. ಪ್ರೈಮರ್‌ಗೆ ಬೈದ ಅಕ್ಕ ಇದನ್ನು ಮಗಳ ಜೊತೆ ಇನ್ನೊಮ್ಮೆ ನೋಡಿದಳು. ನಾಟಕದವರ ಶಿಸ್ತು ಎದ್ದು ಕಾಣುತ್ತದೆ: ಟೀವಿಯೊಳಗಿನ ತಮ್ಮದೇ ಮಾತಿಗೆ ಸೆಕೆಂಡು ತಪ್ಪದೆ ಉತ್ತರ ಕೊಡಬೇಕಲ್ಲ. ಕೊನೆಗೆ ಬರುವ ಒಂದು ತಿರುವು ನನಗೆ ಸ್ವಲ್ಪ ಸಪ್ಪೆ ಎನಿಸಿತು. ಮಕ್ಕಳಿಗೆ ಅದೇ ಇಷ್ಟವಾಯಿತು.

ಕೊಹೆರೆನ್ಸ್: ಇದು ಟೈಮ್ ಟ್ರಾವೆಲ್ ಅಲ್ಲ, ಆದರೂ ಪಟ್ಟಿಯಲ್ಲಿರಲಿ

ಪ್ರೈಮರ್ ಇಷ್ಟವಾದವರೂ ಆಗದವರೂ ಇದನ್ನು ಒಪ್ಪಿಕೊಳ್ಳುವುದನ್ನು ನೋಡಿದ್ದೇನೆ. 2013ರದ್ದು. ಜೇಮ್ಸ್ ವಾರ್ಡ್ ಬರ್ಕಿಟ್ ತಮ್ಮ ಸ್ವಂತ ಮನೆಯಲ್ಲೇ ಐದು ರಾತ್ರಿಯಲ್ಲಿ ಮುಗಿಸಿದ ಸಿನಿಮಾ. ಖರ್ಚು ಸುಮಾರು 50,000 ಡಾಲರ್. ನಟರಿಗೆ ಪೂರ್ತಿ ಸಂಭಾಷಣೆ ಕೊಟ್ಟಿರಲಿಲ್ಲ. ಅವರವರ ಪಾತ್ರಕ್ಕೆ ಬೇಕಾದ ಸೂಚನೆ ಮಾತ್ರ ಚೀಟಿಯಲ್ಲಿ. ಬೇರೆಯವರ ಚೀಟಿಯಲ್ಲಿ ಏನಿದೆ ಅಂತ ಗೊತ್ತಿಲ್ಲ. ಹಾಗಾಗಿ ಬೆಚ್ಚಿಬೀಳುವುದು ನಟನೆ ಥರ ಕಾಣುವುದೇ ಇಲ್ಲ.

ಎಂಟು ಗೆಳೆಯರು ರಾತ್ರಿ ಊಟಕ್ಕೆ ಸೇರಿದ್ದಾರೆ, ಆಕಾಶದಲ್ಲಿ ಧೂಮಕೇತು ಹಾದುಹೋಗುತ್ತಿದೆ, ಕರೆಂಟ್ ಹೋಗುತ್ತದೆ. ಬೀದಿಯೆಲ್ಲ ಕತ್ತಲು, ದೂರದ ಒಂದು ಮನೆಯಲ್ಲಿ ಮಾತ್ರ ದೀಪ. ಇಬ್ಬರು ಹೋಗಿ ಕಿಟಕಿಯಲ್ಲಿ ಇಣುಕುತ್ತಾರೆ. ಮುಂದಿನದನ್ನು ನಾನು ಹೇಳಬಾರದು. ಕತ್ತಲಲ್ಲಿ ಅವರು ಹಿಡಿದುಕೊಳ್ಳುವ ಬೆಳಗುವ ಕಡ್ಡಿಗಳ ಬಣ್ಣದ ಮೇಲೆ ಮಾತ್ರ ಒಂದು ಕಣ್ಣಿಟ್ಟಿರಿ. ಇದು ಮುಗಿದ ಮೇಲೆ ತಲೆಯಲ್ಲಿ ಕೂರುವ ಜಾತಿ. ಮಾರನೇ ಬೆಳಗ್ಗೆ ಹಲ್ಲುಜ್ಜುವಾಗ ಥಟ್ಟನೆ "ಅಯ್ಯೋ, ಹಾಗಾದ್ರೆ ಅವಳು ಅವಳಲ್ವಾ!" ಅನ್ನಿಸುತ್ತದೆ. ಒಬ್ಬರೇ ನೋಡಬೇಡಿ. ಜಗಳವಾಡಲು ಒಬ್ಬರಾದರೂ ಬೇಕು.

ಅರ್ಧ ಗಂಟೆ ಮಾತ್ರ ಇದ್ದರೆ

ಲಾ ಜೆಟೇ. ಫ್ರಾನ್ಸಿನ ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ್ದು, 28 ನಿಮಿಷ. ಹೆಚ್ಚುಕಡಿಮೆ ಪೂರ್ತಿ ಕಪ್ಪುಬಿಳುಪು ಫೋಟೋಗಳು, ಮೇಲೊಂದು ದನಿ. ಒಂದೇ ಒಂದು ಕಡೆ ಚಿತ್ರ ಚಲಿಸುತ್ತದೆ: ಮಲಗಿದ್ದ ಹೆಂಗಸು ಕಣ್ಣು ಬಿಡುತ್ತಾಳೆ. ಅಷ್ಟೇ. ಅಷ್ಟಕ್ಕೇ ಮೈ ಜುಮ್ಮೆನ್ನುತ್ತದೆ. ಟೈಮ್ ಟ್ರಾವೆಲ್‌ಗೆ ಯಂತ್ರ ಕಟ್ಟುವುದೂ ಬೇಡ ಎಂದು ತೋರಿಸಿದ ಸಿನಿಮಾ.

ನಮ್ಮದೇ ಬ್ಲಿಂಕ್

ಕಣ್ಣಿನ ಮಾತು ಬಂತಲ್ಲ. 2024ರ ಮಾರ್ಚಿನಲ್ಲಿ ಬಂದ ಬ್ಲಿಂಕ್ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಶ್ರೀನಿಧಿ ಬೆಂಗಳೂರು ನಿರ್ದೇಶನ, ದೀಕ್ಷಿತ್ ಶೆಟ್ಟಿ ನಾಯಕ. ಕಣ್ಣು ಮಿಟುಕಿಸದೆ ತುಂಬ ಹೊತ್ತು ಇರಬಲ್ಲ ಅಪೂರ್ವ ಎಂಬ ಹುಡುಗ. ಆ ಶಕ್ತಿಗೂ ಕಾಲದಲ್ಲಿ ಹಿಂದೆ ಮುಂದೆ ಹೋಗುವುದಕ್ಕೂ ನಂಟು. ದೊಡ್ಡ ಹೆಸರುಗಳಿಲ್ಲದ ಈ ಸಿನಿಮಾ ಓಡಿದ್ದು ನೋಡಿದವರ ಬಾಯಿಮಾತಿನಿಂದ.

ಪ್ರೈಮರ್‌ ಜೊತೆ ಇಟ್ಟು ನೋಡಿದರೆ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಎಲ್ಲವೂ ತಣ್ಣಗೆ, ಲೆಕ್ಕದ ಹಾಗೆ. ಇಲ್ಲಿ ಗಂಟು ಬಿದ್ದಿರುವುದು ಅಮ್ಮ ಮಗನ ನಡುವೆ. ಕತೆಯೊಳಗೆ ಈಡಿಪಸ್ ನಾಟಕ ಬರುತ್ತದೆ, ಸುಮ್ನೆ ಅಲಂಕಾರಕ್ಕಲ್ಲ. ಲಂಕೇಶರ 'ದೊರೆ ಈಡಿಪಸ್' ಓದಿದವರಿಗೆ, ರಂಗದ ಮೇಲೆ ನೋಡಿದವರಿಗೆ ಸುಳಿವು ಬೇಗ ಸಿಗುತ್ತದೆ. ತಪ್ಪಿಸಿಕೊಳ್ಳಲು ಓಡಿದ ದಾರಿಯೇ ಅಲ್ಲಿಗೆ ಕರೆದೊಯ್ಯುತ್ತದೆ ಅನ್ನುವ ಕತೆ ತಾನೇ ಅದು. ಹಾಗಾಗಿ ಇದರ ಸಂಬಂಧ ಪ್ರೈಮರ್‌ಗಿಂತ ಟೈಮ್‌ಕ್ರೈಮ್ಸ್ ಜೊತೆ ಹತ್ತಿರ. ನೋಡಿ ಬಂದವರಲ್ಲಿ "ಎರಡನೇ ಸಲ ನೋಡಿದಾಗ ಗೊತ್ತಾಯ್ತು" ಎಂದವರೂ ಇದ್ದಾರೆ, "ಇಷ್ಟೊಂದು ಸುತ್ತಿಸಬೇಕಿತ್ತಾ" ಎಂದವರೂ ಇದ್ದಾರೆ. ನನಗೂ ನಡುವೆ ಒಂದು ಹದಿನೈದು ನಿಮಿಷ ಎಳೆದ ಹಾಗಾಯಿತು. ಆದರೆ ಈ ಪಟ್ಟಿಯಲ್ಲಿ ಕಣ್ಣು ಒದ್ದೆಯಾಗಿದ್ದು ಇದೊಂದಕ್ಕೇ. ಸಬ್‌ಟೈಟಲ್ ಓದುವ ಹಂಗಿಲ್ಲದೆ ಗೊಂದಲಪಡುವುದೂ ಒಂದು ಸುಖ.

ಪವನ್ ಕುಮಾರ್ ಅವರ ಲೂಸಿಯಾವನ್ನೂ ಸೇರಿಸಿ ಎಂದು ಹೇಳುವವರಿದ್ದಾರೆ. ಜನರಿಂದಲೇ ದುಡ್ಡು ಕೂಡಿಸಿ 2013ರಲ್ಲಿ ಮಾಡಿದ ಸಿನಿಮಾ, ಒಗಟೂ ಹೌದು. ಆದರೆ ಅದು ಕನಸಿನ ಒಗಟು, ಕಾಲದ್ದಲ್ಲ. ಅದಕ್ಕೆ ಬೇರೆಯದೇ ಒಂದು ರಾತ್ರಿ ಇಡಿ.

ಕೂರುವ ಮೊದಲು

ಪ್ರೈಮರ್‌ಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಲೇಬೇಕು, ನಿಮ್ಮ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತಾರೆ, ಅರ್ಧ ವಾಕ್ಯಕ್ಕೇ ಬಿಡುತ್ತಾರೆ. ಊಟವಾದ ಮೇಲೆ ಹಾಕಬೇಡಿ. ಭಾವನಿಗೆ ಆಗಿದ್ದು ಅದೇ, ಭಾನುವಾರದ ಬಿಸಿಬೇಳೆಬಾತ್ ಮೇಲೆ 77 ನಿಮಿಷದ ಟ್ಯೂಬ್‌ಲೈಟು. ಫೋನ್ ಪಕ್ಕದ ರೂಮಿನಲ್ಲಿರಲಿ. ಒಂದು ನಿಮಿಷ ವಾಟ್ಸಾಪ್ ನೋಡಿದರೆ ಟೈಮ್‌ಕ್ರೈಮ್ಸ್ ನಿಮ್ಮನ್ನು ಕ್ಷಮಿಸುತ್ತದೆ, ಪ್ರೈಮರ್ ಕ್ಷಮಿಸಲ್ಲ. ಚಾರ್ಟ್ ನೋಡಬೇಕು ಅನ್ನಿಸಿದರೆ ಎರಡನೇ ಸಲ ನೋಡಿದ ಮೇಲೆ ನೋಡಿ, ಮೊದಲಲ್ಲ. ಮೊದಲೇ ಚಾರ್ಟ್ ನೋಡಿದವರು ಸಿನಿಮಾ ನೋಡುವುದಿಲ್ಲ, ಚಾರ್ಟಿಗೆ ಟಿಕ್ ಹಾಕುತ್ತಾ ಕೂರುತ್ತಾರೆ. ತಮ್ಮನನ್ನು ನೋಡಿ ಹೇಳುತ್ತಿದ್ದೇನೆ.

ಇಂಥ ಸಿನಿಮಾ ಒಂದನ್ನೂ ನೋಡಿಲ್ಲದವರು ಎರಡು ನಿಮಿಷದ ಟೀವಿಯಿಂದ ಶುರು ಮಾಡಲಿ, ಆಮೇಲೆ ಟೈಮ್‌ಕ್ರೈಮ್ಸ್. ಗೆಳೆಯರ ಗುಂಪಿದ್ದರೆ ನೇರವಾಗಿ ಕೊಹೆರೆನ್ಸ್. ಅಮ್ಮನ ಜೊತೆಗಾದರೆ ಬ್ಲಿಂಕ್, ಆದರೆ ಈಡಿಪಸ್ ಕತೆ ಗೊತ್ತಿದ್ದರೆ ಮೊದಲು ನೀವೊಬ್ಬರೇ ನೋಡಿ ತೀರ್ಮಾನಿಸಿ. ಪ್ರೈಮರ್‌ಗೆ ಒಬ್ಬರೇ ಕೂರಿ. ರಜೆಯ ದಿನ ಬೆಳಗ್ಗೆ, ಕಾಫಿ ಆದಮೇಲೆ. ಇಷ್ಟವಾಗದಿದ್ದರೆ ಐವತ್ತನೇ ನಿಮಿಷದಲ್ಲಿ ನಿಲ್ಲಿಸಿದರೂ ಆ ಫೋನ್ ಕರೆ ಸಿಕ್ಕಿರುತ್ತದೆ.

ಭಾವನನ್ನು ಮುಂದಿನ ಭಾನುವಾರಕ್ಕೆ ಕರೆದಿದ್ದೇನೆ, ಟೈಮ್‌ಕ್ರೈಮ್ಸ್‌ಗೆ. "ಇದರಲ್ಲೂ ಷೇರು ತಗೋತಾರಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದ್ರೆ ಊಟಕ್ಕೆ ಮುಂಚೆ ಹಾಕು" ಎಂದರು.